ಮೈಲಿಗೆ ಏಳು ಸೆಂಟ್

ಹಾರ್ಡ್‌ಪ್ಯಾನ್, ಮೊಂಟಾನ
ಜನವರಿ 12, 1997

ಐನರಣ್ಣ,

ನಿನ್ನ ಕ್ರಿಸ್‌ಮಸ್ ಕಾರ್ಡು ನಿನ್ನೆ ತಲುಪಿತು. ಟೋಪಿ ಹಾಕಿಕೊಂಡ ಸಾಲ್ಮನ್ ಮೀನಿನ ಚಿತ್ರವನ್ನು ದುಡ್ಡು ಕೊಟ್ಟು ಕೊಂಡವನು ಅಲಾಸ್ಕದಲ್ಲೆಲ್ಲ ನೀನೊಬ್ಬನೇ ಇರಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಇಲ್ಲಿಯ ಸುದ್ದಿ ಅಷ್ಟು ಚೆನ್ನಾಗಿಲ್ಲ. ಬರುವ ವರ್ಷಕ್ಕೆ ಶಾಲೆಯಲ್ಲಿ ಉಳಿಯುವುದು ಏಳೇ ಮಕ್ಕಳು. ಮೇ ತಿಂಗಳಿಗೆ ಮುಚ್ಚುತ್ತಾರಂತೆ. ಶಾಲೆ ಹೋದರೆ ಅಡುಗೆಮನೆಯೂ ಹೋಯಿತು, ನನ್ನ ಹತ್ತೊಂಬತ್ತು ವರ್ಷದ ಕೆಲಸವೂ ಹೋಯಿತು. ಸುದ್ದಿ ಕೇಳಿದ ದಿನವೇ ಬಿಲ್ಲಿಂಗ್ಸ್‌ನಿಂದ ನಮ್ಮ ಚಿಕ್ಕಮ್ಮನ ಮಗಳು ಇಂಗಾ ಫೋನು ಮಾಡಿ, "ಸುಮ್ನೆ ಮನೆ ಮಾರಿ ಬಂದ್ಬಿಡೇ, ನಮ್ಮ ಲಾಂಡ್ರೀಲಿ ಕೆಲಸ ಇದೆ, ಗಂಡ ಅಂತಿದ್ದ ರಾಯ್ ತೀರ್ಕೊಂಡ್ಮೇಲೆ ಅಲ್ಲಿ ಒಬ್ಬಳೇ ಏನು ಕಾಯ್ತಿದ್ದೀಯಾ" ಅಂದಳು. ಬರುವುದಿಲ್ಲ ಎಂದೆ. ಐವತ್ತೊಂದನೆಯ ವಯಸ್ಸಿನಲ್ಲಿ ಹೋಟೆಲಿನ ಹಾಸಿಗೆ ಚಾದರ ಮಡಚುವುದಕ್ಕೆ ನಾನು ಈ ಊರು ಬಿಟ್ಟು ಹೋಗುವವಳಲ್ಲ.

ದಾರಿಯೊಂದು ಕಂಡಿದೆ. ನಮ್ಮ ಟಪಾಲು ತರುವ ಕ್ಲೆಮ್ ಜೂನ್ ಕೊನೆಗೆ ನಿಲ್ಲಿಸುತ್ತಿದ್ದಾನೆ. ಅವನ ದಾರಿಯನ್ನು ಟೆಂಡರಿಗೆ ಹಾಕಿದ್ದಾರೆ. ದಿನಕ್ಕೆ ನೂರ ಹದಿನೆಂಟು ಮೈಲಿ, ರಸ್ತೆ ಬದಿಯಲ್ಲಿ ಮನೆಗೊಂದರಂತೆ ತೊಂಬತ್ತನಾಲ್ಕು ಟಪಾಲು ಪೆಟ್ಟಿಗೆ, ವಾರಕ್ಕೆ ಆರು ದಿನ, ಗಾಡಿ ನಮ್ಮದೇ. ವರ್ಷಕ್ಕೆ ಇಷ್ಟು ಎಂದು ಒಂದೇ ಒಂದು ಅಂಕಿ ಬರೆದು, ಲಕೋಟೆ ಅಂಟಿಸಿ, ಏಪ್ರಿಲ್ 25ರೊಳಗೆ ಕೊಡಬೇಕು. ನಾಲ್ಕು ವರ್ಷ ಆ ಅಂಕಿ ಅಲುಗಾಡುವಂತಿಲ್ಲ. ಜಾಸ್ತಿ ಬರೆದರೆ ಕೆಲಸ ಸಿಗುವುದಿಲ್ಲ, ಕಮ್ಮಿ ಬರೆದರೆ ಸಿಕ್ಕಿದ ಕೆಲಸವೇ ಮನೆ ತಿನ್ನುತ್ತದೆ. ಇಡೀ ಲೆಕ್ಕ ನಿಂತಿರುವುದು ಗಾಡಿಯ ಮೇಲೆ. ರಾಯ್‌ನ ಹಳೆಯ ಪಿಕಪ್ಪು ಈ ಕೆಲಸಕ್ಕೆ ಆಗುವುದಿಲ್ಲ, ಬೇರೆ ಕೊಳ್ಳಬೇಕು. ಪೆಟ್ರೋಲಿನದೋ ಡೀಸೆಲಿನದೋ?

ಹನ್ನೊಂದು ವರ್ಷ ನಿನ್ನ ಡೀಸೆಲ್ ಪಿಕಪ್ಪಿಗೆ ಹಾಕಿದ ಒಂದೊಂದು ಹನಿಯನ್ನೂ ನೀಲಿ ಪುಸ್ತಕದಲ್ಲಿ ಬರೆದವನು ನೀನು. ಮೈಲಿಗೆ ಎಷ್ಟು ಬಿತ್ತು ಎಂದು ಬರೆದು ಕಳಿಸು. ನಿನ್ನ ಮೀನು ಕಾರ್ಖಾನೆಯ ಒಂದೇ ಫೋನಿನಲ್ಲಿ ಮಾತಾಡಿದರೆ ದ್ವೀಪವೆಲ್ಲ ಕೇಳಿಸಿಕೊಳ್ಳುತ್ತದೆ ಎಂದಿದ್ದೆಯಲ್ಲ, ಕಾಗದವೇ ವಾಸಿ.

ಡ್ವೇನ್ ಪ್ರೂಯಿಟ್ ಕೂಡ ಟೆಂಡರು ಹಾಕುತ್ತಾನಂತೆ. ನೀನು ಅವನಿಗೆ ಮಾರಿಹೋದ ಅದೇ ಗಾಡಿಯಲ್ಲಿ.

ನಿನ್ನ ತಂಗಿ,
ಸಿಗ್ನಿ


ಕೋಡಿಯಾಕ್, ಅಲಾಸ್ಕ
ಫೆಬ್ರವರಿ 3, 1997

ಸಿಗ್ನಿ,

ಇದೂ ಒಂದು ಕೇಳುವ ಪ್ರಶ್ನೆಯೇ? ಡೀಸೆಲ್. ಡೀಸೆಲ್. ಬೇಕಾದರೆ ಮೂರನೆಯ ಸಲವೂ ಬರೆಯುತ್ತೇನೆ.

ಪೆಟ್ರೋಲ್ ಎಂಜಿನ್ನು ಕುದುರೆಮರಿಯ ಹಾಗೆ. ನೋಡುವುದಕ್ಕೆ ಚೆಂದ, ಕುಣಿಯುತ್ತದೆ, ಲಕ್ಷ ಮೈಲಿಗೆ ಮೊಣಕಾಲು ಹೋಗುತ್ತದೆ. ಡೀಸೆಲ್ ಎತ್ತು. ಎರಡು ಲಕ್ಷ ಮೈಲಿ ಕಳೆದ ಮೇಲೂ ನನ್ನದು ಕೆಮ್ಮಲಿಲ್ಲ, ನೀನೇ ನೋಡಿದ್ದೀಯ. ಇಲ್ಲಿ ನಾನು ನೋಡಿಕೊಳ್ಳುವ ಎಂಜಿನ್‌ಗಳಲ್ಲಿ ಒಂದಕ್ಕೆ ನನ್ನಷ್ಟೇ ವಯಸ್ಸು. ಅದಕ್ಕೂ ನನಗೂ ಒಂದೇ ವ್ಯತ್ಯಾಸ, ಅದಕ್ಕೆ ಬೆನ್ನು ನೋಯುವುದಿಲ್ಲ.

ಪುಸ್ತಕ ನನ್ನ ತಲೆದಿಂಬಿನ ಕೆಳಗೇ ಇದೆ. ಗ್ಯಾಲನ್ನಿಗೆ ಹದಿನೇಳು ಮೈಲಿ. ಡೀಸೆಲ್ಲು, ಎಣ್ಣೆ, ಫಿಲ್ಟರು, ಚಕ್ರ, ರಿಪೇರಿ, ಹನ್ನೊಂದು ವರ್ಷದ್ದು ಎಲ್ಲ ಕೂಡಿಸಿ ಭಾಗಿಸಿದರೆ ಮೈಲಿಗೆ ಏಳು ಸೆಂಟ್. ಬರ್ತಾಳ ಕೆಫೆಯಲ್ಲಿ ಯಾರನ್ನಾದರೂ ಕೇಳು, ಐನರನ ಗಾಡಿ ಎಷ್ಟಕ್ಕೆ ಓಡುತ್ತದೆ ಎಂದು. ಮಕ್ಕಳೂ ಹೇಳುತ್ತಾರೆ.

ಆ ಏಳನ್ನು ಹಿಡಿದು ಲೆಕ್ಕ ಹಾಕು. ಒಳ್ಳೆಯ ಡೀಸೆಲ್ ಗಾಡಿ ಹುಡುಕು, ನಾಲ್ಕು ಸಾವಿರ ಡಾಲರ್ ಜಾಸ್ತಿಯಾದರೂ ಕೊಡು. ಪೆಟ್ರೋಲಿನದನ್ನು ಕೊಂಡರೆ ನನಗೆ ಹೇಳಬೇಡ.

ಡ್ವೇನ್ ಒಳ್ಳೆಯ ಹುಡುಗ. ಮೂವತ್ತು ತುಂಬಿದೆ, ಅವನ ಲೆಕ್ಕ ಅವನು ನೋಡಿಕೊಳ್ಳಲಿ.

ಮೂರು ದಿನದಿಂದ ಗಾಳಿ, ವಿಮಾನ ಬಂದಿಲ್ಲ. ಈ ಕಾಗದ ಎಂದು ಹೊರಡುತ್ತದೋ ಗೊತ್ತಿಲ್ಲ.

ಐನರ್


ಹಾರ್ಡ್‌ಪ್ಯಾನ್
ಫೆಬ್ರವರಿ 23, 1997

ಐನರಣ್ಣ,

ನಿನ್ನ ಏಳು ಸೆಂಟನ್ನು ಕಣ್ಣಿಗೊತ್ತಿಕೊಂಡು ಲಕೋಟೆಗೆ ಹಾಕಬಹುದಿತ್ತು. ಆದರೆ ನನ್ನ ಸ್ವಭಾವ ನಿನಗೆ ಗೊತ್ತು. ಬೇರೆಯವರು ಉಪ್ಪು ಹಾಕಿದ್ದೇವೆ ಎಂದರೂ ನಾನು ರುಚಿ ನೋಡದೆ ಬಡಿಸುವವಳಲ್ಲ.

ಶಾಲೆಗೆ ರಜೆ ಹಾಕಿ ಒಂದು ವಾರ ಕ್ಲೆಮ್ ಜೊತೆ ಹೋದೆ. ರಾಯ್‌ನ ಪೆಟ್ರೋಲ್ ಪಿಕಪ್ಪನ್ನೇ ಒಯ್ದೆವು. ಕ್ಲೆಮ್ ಹೇಗೆ ಓಡಿಸುತ್ತಾನೆ ಎಂದು ನೀನು ನೋಡಿಲ್ಲ. ಪೆಟ್ಟಿಗೆಗಳೆಲ್ಲ ಬಲಗಡೆ, ಸ್ಟಿಯರಿಂಗ್ ಎಡಗಡೆ. ಅದಕ್ಕೆ ಅವನು ಸೀಟಿನ ನಡುವೆ ಕೂತು, ಎಡಗಾಲು ಚಾಚಿ ಪೆಡಲು ಒತ್ತಿ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಲ್ಲಿ ಟಪಾಲು ಹಾಕುತ್ತಾನೆ. ಮೂವತ್ತೊಂದು ವರ್ಷ ಹಾಗೇ. "ಸೊಂಟ ಸೊಟ್ಟ ಆಗಿದೆ ತಾಯಿ, ಆದ್ರೆ ಟಪಾಲು ನೆಟ್ಟಗೆ ತಲುಪಿಸಿದೀನಿ" ಎಂದ. ಮೊದಲ ದಿನ ನಾನು ಎರಡು ಪೆಟ್ಟಿಗೆಗೆ ಗುದ್ದಿದೆ. ನಾಲ್ಕನೆಯ ದಿನ ಒಂದಕ್ಕೂ ಇಲ್ಲ.

ಮುಂದಿನ ವಾರ ದನದ ಡಾಕ್ಟರ್ ಮಾರ್ಜ್ ತಮ್ಮ ಡೀಸೆಲ್ ಪಿಕಪ್ಪನ್ನು ಕೊಟ್ಟರು, ನಿನ್ನದರ ಜಾತಿಯದೇ, ಎರಡು ವರ್ಷ ಚಿಕ್ಕದು. ಅದೇ ದಾರಿ, ಅದೇ ಪೆಟ್ಟಿಗೆಗಳು. ಎರಡನ್ನೂ ಪೇಟೆಯ ಬಂಕಿನಲ್ಲೇ ಬಾಯಿಮಟ್ಟ ತುಂಬಿಸಿದೆ.

ಪೆಟ್ರೋಲು ಗ್ಯಾಲನ್ನಿಗೆ ಹನ್ನೆರಡು ಮೈಲಿ ಕೊಟ್ಟಿತು, ಮೈಲಿಗೆ ಹತ್ತೂವರೆ ಸೆಂಟ್. ಡೀಸೆಲ್ಲು ಹದಿನಾರು ಕೊಟ್ಟಿತು. ಅಲ್ಲಿಗೆ ನೀನು ಗೆದ್ದೆ. ಆದರೆ ಮೈಲಿಗೆ ಬಿದ್ದದ್ದು ಎಂಟು ಸೆಂಟಿನ ಮೇಲೆ. ಬರೀ ಡೀಸೆಲ್ಲಿಗೇ! ಎಣ್ಣೆ ಇಲ್ಲ, ಚಕ್ರ ಇಲ್ಲ, ರಿಪೇರಿ ಇಲ್ಲ. ನಿನ್ನದು ಎಲ್ಲ ಸೇರಿ ಏಳು ಹೇಗಾಯಿತು? ಮಾರ್ಜ್ ಹೇಳುವ ಪ್ರಕಾರ ಎಣ್ಣೆ ಬದಲಿಸಿದಾಗೆಲ್ಲ ಪೆಟ್ರೋಲ್ ಗಾಡಿಯ ಮೂರರಷ್ಟು ಹಿಡಿಸುತ್ತದೆ, ಚಳಿಗಾಲದಲ್ಲಿ ತೆಳು ಡೀಸೆಲ್ ಬೆರೆಸಬೇಕು, ಅದು ಇನ್ನೂ ದುಬಾರಿ. ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪನ್ನು ಗ್ಯಾರೇಜಿನವನು ಬಿಚ್ಚಿ ಕಟ್ಟಿದ್ದಕ್ಕೆ ಸಾವಿರದ ನಾನೂರು ಡಾಲರ್ ತೆಗೆದುಕೊಂಡನಂತೆ.

ತಪ್ಪು ನನ್ನದೇ ಇರಬಹುದು. ನೀನು ಯಾವ ಬಂಕಿನಲ್ಲಿ ತುಂಬಿಸುತ್ತಿದ್ದೆ ಹೇಳು, ಅಲ್ಲೇ ಹೋಗಿ ತುಂಬಿಸಿ ನೋಡುತ್ತೇನೆ.

ಸಿಗ್ನಿ


ಕೋಡಿಯಾಕ್
ಮಾರ್ಚ್ 17, 1997

ಸಿಗ್ನಿ,

ಮಾರ್ಜ್ ಡಾಕ್ಟರಿಗೆ ಹಸುವಿನ ಹೊಟ್ಟೆ ಗೊತ್ತು, ಎಂಜಿನ್ನಿನ ಹೊಟ್ಟೆ ಗೊತ್ತಿಲ್ಲ. ಅವರ ಗಾಡಿಯ ಟ್ಯೂನಿಂಗ್ ಸರಿ ಇರಲಿಕ್ಕಿಲ್ಲ. ನಿನ್ನ ಕಾಲೂ ಭಾರ, ಶಾಲೆಯ ಹುಡುಗರನ್ನು ಅಟ್ಟಿಸಿಕೊಂಡು ಹೋದ ಹಾಗೆ ಪೆಡಲು ಒತ್ತುತ್ತೀಯ. ಮೊದಲು ಬೆಲೆಗಳೂ ಕಮ್ಮಿ ಇದ್ದವು.

ಎಲ್ಲಿ ತುಂಬಿಸಿದೆ ಎಂದರೆ ಏನು ಹೇಳಲಿ? ಎಲ್ಲಿ ಸಿಕ್ಕಿತೋ ಅಲ್ಲಿ. ಹನ್ನೊಂದು ವರ್ಷದ್ದು ನೆನಪಿರುತ್ತದೆಯೇ?

ಡೀಸೆಲನ್ನು ನೋಡಿಕೊಳ್ಳುವ ಕ್ರಮ ಗೊತ್ತಿರಬೇಕು. ಮೈನಸ್ ಮೂವತ್ತೈದರ ಚಳಿಯಲ್ಲಿ ಬರ್ತಾಳ ಕೆಫೆ ಮುಂದೆ ಎಲ್ಲರ ಡೀಸೆಲ್ಲೂ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ನಿಂತಿರುತ್ತಿತ್ತು. ನನ್ನದು ಮಾತ್ರ ಒಂದೇ ಸಲಕ್ಕೆ ಗುರ್ ಎನ್ನುತ್ತಿತ್ತು. ಯಾಕೆಂದರೆ ನಾನು ಸಂಜೆಯೇ ಎಂಜಿನ್ ಹೀಟರಿನ ವೈರು ಚುಚ್ಚಿ ಮಲಗುತ್ತಿದ್ದೆ, ಬೆಳಗಿನವರೆಗೂ ಬೆಚ್ಚಗೆ.

ಇಲ್ಲಿ ಹಿಮ ಕರಗುತ್ತಿದೆ. ಕೆಸರೋ ಕೆಸರು. ಮೀನಿನ ಸಾರು ತಿಂದು ತಿಂದು ನಾನೇ ಈಜುವ ಹಾಗಾಗಿದ್ದೇನೆ.

ಐನರ್


ಹಾರ್ಡ್‌ಪ್ಯಾನ್
ಮಾರ್ಚ್ 29, 1997

ಐನರಣ್ಣ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಓದಿ ನನಗೆ ಅದೇ ನೆನಪಾಯಿತು.

ಸಂಜೆಯೇ ವೈರು ಚುಚ್ಚುತ್ತಿದ್ದೆ ಎಂದೆಯಲ್ಲ, ಎಲ್ಲಿಗೆ ಚುಚ್ಚುತ್ತಿದ್ದೆ? ನಮ್ಮ ಹಿತ್ತಿಲ ಕೋಣೆಯಲ್ಲಿ ನೀನಿದ್ದಷ್ಟು ವರ್ಷವೂ ಗಾಡಿ ನಿಲ್ಲುತ್ತಿದ್ದದ್ದು ನಮ್ಮ ವರಾಂಡದ ಪಕ್ಕ. ಹಳೆಯ ಕರೆಂಟು ಬಿಲ್ಲುಗಳನ್ನು ತೆಗೆದು ನೋಡಿದೆ. ನೀನು ಹೋದ ಮೇಲೆ ಬಂದ ಮೊದಲ ಚಳಿಗಾಲ ಇದು, ಬಿಲ್ಲು ಎಪ್ಪತ್ತು ಡಾಲರ್ ಕಮ್ಮಿ ಬಂದಿದೆ. ನಾನು ಅಡುಗೆಮನೆಯ ದೀಪ ಆರಿಸಿ ಉಳಿತಾಯ ಮಾಡಿದೆ ಎಂದುಕೊಂಡಿದ್ದೆ! ಹನ್ನೊಂದು ಚಳಿಗಾಲ ನಿನ್ನ ಎತ್ತು ನಮ್ಮ ಕೊಟ್ಟಿಗೆಯಲ್ಲೇ ಹುಲ್ಲು ಮೇಯ್ದಿದೆ. ಅದು ನಿನ್ನ ನೀಲಿ ಪುಸ್ತಕದಲ್ಲಿ ಯಾವ ಪುಟದಲ್ಲಿದೆ?

ಅದಿರಲಿ, ಅದಕ್ಕೆ ನಾನು ಜಗಳ ಆಡುವುದಿಲ್ಲ. ಇನ್ನೊಂದಕ್ಕೆ ಆಡುತ್ತೇನೆ. ಶೆಡ್ಡಿನಲ್ಲಿ ನಿನ್ನ ಡಬ್ಬ, ಲಾಳಿಕೆ ಸಿಕ್ಕಿದವು. ಲಾಳಿಕೆಯ ಒಳಗೆಲ್ಲ ಕೆಂಪು. ನೀನು ಕೆಲಸ ಮಾಡುತ್ತಿದ್ದ ದನ ಸಾಕುವ ರ‍್ಯಾಂಚಿನ ಟ್ಯಾಂಕಿನಿಂದ ತುಂಬಿಸುತ್ತಿದ್ದೆ, ಅಲ್ಲವೇ? ಹೊಲಕ್ಕೆಂದು ಕೊಡುವ, ರಸ್ತೆ ತೆರಿಗೆ ಇಲ್ಲದ ಡೀಸೆಲ್. ಗುರುತಿಗೆ ಕೆಂಪು ಬಣ್ಣ ಬೆರೆಸಿರುವುದೇ ಯಾರೂ ಅದನ್ನು ರಸ್ತೆಯ ಗಾಡಿಗೆ ಹಾಕದಿರಲಿ ಎಂದು. ಅದರ ಬೆಲೆ ಬಂಕಿನದರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಟಪಾಲಿನ ಗಾಡಿಗೆ ಅದನ್ನು ಹಾಕಿ, ತಪಾಸಣೆಯವರು ಟ್ಯಾಂಕಿಗೆ ಕೊಳವೆ ಇಳಿಸಿ ನೋಡಿದರೆ ಸಾವಿರ ಡಾಲರ್ ದಂಡ, ಕೆಲಸವೂ ಹೋಗುತ್ತದೆ.

ಸಿಟ್ಟು ಬಂದದ್ದು ಅದಕ್ಕೂ ಅಲ್ಲ. ನಿನ್ನೆ ಬರ್ತಾಳ ಕೆಫೆಯಲ್ಲಿ ಡ್ವೇನ್ ಸಿಕ್ಕಿದ.

"ಸಿಗ್ನಕ್ಕಾ, ನೀವೂ ಟೆಂಡರ್ ಹಾಕ್ತೀರಂತೆ?"

"ಹಾಕ್ತೀನಿ ಕಣಪ್ಪ."

"ಪೆಟ್ರೋಲ್ ಗಾಡೀಲಾ? ಹಂಗಾದ್ರೆ ಬಂಕ್‌ನವನ ಮಗಳ ಮದುವೆ ಖರ್ಚೆಲ್ಲ ನಿಮ್ದೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನು ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ನಿನ್ನ ಕೈಬರಹ! ಹನ್ನೊಂದು ವರ್ಷದ ಲೆಕ್ಕ, ಕೊನೆಯಲ್ಲಿ ಎರಡು ಗೆರೆ ಎಳೆದು "ಮೈಲಿಗೆ 7". "ಗಾಡಿ ಜೊತೆ ಐನರಣ್ಣ ಇದನ್ನೂ ಕೊಟ್ರು. ಬ್ಯಾಂಕ್‌ನೋರು ಸಾಲ ಕೊಟ್ಟಿದ್ದೇ ಇದನ್ನ ನೋಡಿ" ಎಂದ.

ಈ ಲೆಕ್ಕ ನಂಬಬೇಡ ಎಂದು ಹೊರಗೆ ಕರೆದು ಹೇಳಿದೆ. ನನ್ನ ಮುಖ ನೋಡಿ, "ಸಿಗ್ನಕ್ಕಾ, ನೀವು ಹಿಂಗೆಲ್ಲ ಮಾಡ್ತೀರ ಅಂತ ಅಂದ್ಕೊಂಡಿರ್ಲಿಲ್ಲ" ಎಂದು ಟೋಪಿ ಹಾಕಿಕೊಂಡು ಹೋದ. ಅವನಿಂದ ಜಾಸ್ತಿ ಅಂಕಿ ಬರೆಸಿ ನಾನು ಗೆಲ್ಲುವುದಕ್ಕೆ ಆಟ ಕಟ್ಟಿದೆ ಎಂದುಕೊಂಡಿದ್ದಾನೆ. ನಾಚಿಕೆಯಿಂದ ಕಾಫಿ ಮುಗಿಸದೆ ಮನೆಗೆ ಬಂದೆ.

ಅವನಿಗೆ ನೀನು ಬರೆಯಬೇಕು. ಇವತ್ತೇ. 25ಕ್ಕೆ ಇನ್ನೂ ನಾಲ್ಕು ವಾರವಿದೆ, ಗಾಳಿ ಮಳೆ ಏನೇ ಇದ್ದರೂ ತಲುಪುತ್ತದೆ. ಎರಡು ಸಾಲು ಸಾಕು.

ಸಿಗ್ನಿ


ಕೋಡಿಯಾಕ್
ಏಪ್ರಿಲ್ 9, 1997

ಸಿಗ್ನಿ,

ನೀನು ಶಾಲೆಯ ಅಡುಗೆಯವಳಾಗುವ ಬದಲು ಪೊಲೀಸಿನವಳಾಗಬೇಕಿತ್ತು.

ಆ ಟ್ಯಾಂಕಿನಿಂದ ತುಂಬಿಸಿಕೋ ಎಂದವನು ರ‍್ಯಾಂಚಿನ ಯಜಮಾನನೇ. ಸಂಬಳ ಏರಿಸಲಾರದೆ ಅದನ್ನು ಕೊಟ್ಟ. ಅದಕ್ಕೆ ಅವನು ಸಂಬಳದಲ್ಲಿ ಹಿಡಿದ ಬೆಲೆಯನ್ನೇ ನಾನು ಬರೆದಿದ್ದೇನೆ, ಒಂದು ಸೆಂಟೂ ಸುಳ್ಳಿಲ್ಲ. ಬಣ್ಣ ಬೆರೆಸಲು ಶುರು ಮಾಡಿದ್ದು ಈಗ ಮೂರು ನಾಲ್ಕು ವರ್ಷದಿಂದ. ಅಲ್ಲಿಯವರೆಗೆ ಯಾರು ಕೇಳುತ್ತಿದ್ದರು? ಈಗಲೂ ಯಾರು ಕೇಳುತ್ತಾರೆ? ಹಾರ್ಡ್‌ಪ್ಯಾನ್‌ನಲ್ಲಿ ಕೊಳವೆ ಇಳಿಸಿ ನೋಡಿದ್ದನ್ನು ನೀನು ಕಂಡಿದ್ದೀಯಾ? ಅರ್ಧ ಊರು ಕೆಂಪಿನಲ್ಲೇ ಓಡುತ್ತದೆ.

ಅಷ್ಟು ಆ ಕೆಲಸ ಬೇಕಿದ್ದರೆ ನೀನೂ ಹಾಗೇ ಮಾಡು. ಪಕ್ಕದ ಹೊಲದವರ ಟ್ಯಾಂಕಿನಿಂದ ತುಂಬಿಸಿಕೋ. ಡ್ವೇನ್‌ಗಿಂತ ಕೆಳಗೆ ಬರೆದು ಗೆಲ್ಲು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಡ್ವೇನ್‌ಗೆ ಬರೆಯುವುದಿಲ್ಲ. ಗಾಡಿ ಚೆನ್ನಾಗಿದೆ, ಚೆನ್ನಾಗಿದೆ ಎಂದು ಕೊಟ್ಟೆ. ಆ ಕಾಗದ ಅವನೇ ಕೇಳಿದ್ದು. ಮೂವತ್ತು ವರ್ಷ ಆ ಕೆಫೆಯಲ್ಲಿ ಕೂತವನು ನಾನು, ಈಗ ಅಲ್ಲಿ ಕೈಕೈ ದಾಟಿ ಓದುವ ಹಾಗೆ ನನ್ನ ಮರ್ಯಾದೆ ನಾನೇ ಬರೆದು ಕಳಿಸಲೇ?

ಐನರ್


ಹಾರ್ಡ್‌ಪ್ಯಾನ್
ಏಪ್ರಿಲ್ 21, 1997

ಐನರ್,

ನನ್ನ ಲಕೋಟೆ ಇವತ್ತು ಬೆಳಗ್ಗೆ ಕೊಟ್ಟೆ. ಪೆಟ್ರೋಲ್ ಪಿಕಪ್ಪು, ಪೇಟೆಯ ಬಂಕಿನ ಬೆಲೆ, ಗ್ಯಾರೇಜಿನ ಕೂಲಿ, ಗಾಡಿಯ ಕ್ರಯ, ವಿಮೆ, ನಾಲ್ಕು ಚಳಿಗಾಲದ ಚಕ್ರ. ಎಲ್ಲ ಹಾಕಿದೆ. ಡೀಸೆಲಿನದನ್ನೂ ಹಾಗೇ ಹಾಕಿ ನೋಡಿದೆ. ಕ್ರಯದಲ್ಲಿ ಕೊಡುವ ಆ ನಾಲ್ಕು ಸಾವಿರ ನಾಲ್ಕು ವರ್ಷದ ಉಳಿತಾಯವನ್ನೆಲ್ಲ ನುಂಗಿ, ಆಮೇಲೂ ಮೈಲಿಗೆ ಎರಡು ಸೆಂಟ್ ಜಾಸ್ತಿಯೇ ಬೀಳುತ್ತದೆ. ದಿನವೂ ದನ ತುಂಬಿದ ಟ್ರೇಲರ್ ಎಳೆಯುವವರ ಮಾತು ಬೇರೆ. ನಾನು ಎಳೆಯುವುದು ಕಾಗದ.

ಕೆಂಪಿನ ಲೆಕ್ಕ ನಾನು ಹಾಕಲಿಲ್ಲ. ಸೋತರೆ ಸೋಲುತ್ತೇನೆ.

ಡ್ವೇನ್‌ನ ವಿಷಯ ಇನ್ನು ನಿನ್ನನ್ನು ಕೇಳುವುದಿಲ್ಲ.

ಸಿಗ್ನಿ


ಹಾರ್ಡ್‌ಪ್ಯಾನ್
ಮೇ 18, 1997

ಐನರ್,

ನಿನ್ನಿಂದ ಕಾಗದವಿಲ್ಲ. ನೀನು ಉತ್ತರ ಬರೆಯಬೇಕೆಂದು ಇದನ್ನು ಬರೆಯುತ್ತಿಲ್ಲ, ಸುದ್ದಿ ತಿಳಿದಿರಲಿ ಎಂದು.

ಡ್ವೇನ್ ಗೆದ್ದ. ನನ್ನ ಅಂಕಿಗಿಂತ ಎರಡು ಸಾವಿರದ ನೂರು ಕಮ್ಮಿ. ನಾನು ಎರಡನೆಯವಳು. ಬರ್ತಾ ಅವನಿಗೆ ಸೇಬಿನ ಪೈ ತಿನ್ನಲು ಕೊಟ್ಟು ದುಡ್ಡು ಬೇಡ ಎಂದಳಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅವನು ಗಾಡಿಯ ಬಾಗಿಲಿಗೆ "ಯು.ಎಸ್. ಮೇಲ್" ಎಂದು ಬಣ್ಣದಲ್ಲಿ ಬರೆಸಿಯೂ ಆಯಿತು. ಜುಲೈ ಒಂದರಿಂದ ಅವನದು.

ಅವನ ಹೆಂಡತಿ ಕೆರ್ರಿ ಬಸುರಿ. ಅವನು ಬರೆದ ಅಂಕಿಯಲ್ಲಿ ಕೆಂಪು ಹಾಕದೆ ಓಡಿಸಿದರೆ ವರ್ಷಕ್ಕೆ ಎರಡು ಸಾವಿರದ ನಾನೂರು ಡಾಲರ್ ಕೈಯಿಂದ ಹೋಗುತ್ತದೆ, ನಾನು ಎರಡು ಸಲ ಹಾಕಿ ನೋಡಿದೆ. ಕೆಂಪು ಹಾಕಿದರೆ ಒಂದು ದಿನ ಸಿಕ್ಕಿಬೀಳುತ್ತಾನೆ.

ಶಾಲೆಗೆ ನಿನ್ನೆ ಬೀಗ ಹಾಕಿದರು. ದೊಡ್ಡ ಪಾತ್ರೆಗಳನ್ನು ಹರಾಜು ಹಾಕುತ್ತಾರಂತೆ. ಇಂಗಾ ಮತ್ತೆ ಫೋನು ಮಾಡಿದಳು. ಬರುವುದಿಲ್ಲ ಎಂದೆ. ಬೇಸಿಗೆಯಲ್ಲಿ ಹುಲ್ಲು ಕೊಯ್ಯುವವರಿಗೆ ಅಡುಗೆ ಮಾಡುತ್ತೇನೆ, ಆಮೇಲೆ ಏನಾದರೂ ನೋಡುತ್ತೇನೆ. ಆದರೆ ಈ ಸಲ ಫೋನು ಇಟ್ಟ ಮೇಲೆ ಕೂತು ಅತ್ತೆ. ಅದನ್ನೂ ಬರೆದುಬಿಡುತ್ತೇನೆ, ನಮ್ಮಿಬ್ಬರಲ್ಲಿ ಒಬ್ಬರಾದರೂ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ.

ಸಿಗ್ನಿ


ಕೋಡಿಯಾಕ್
ಜೂನ್ 2, 1997

ಪ್ರೀತಿಯ ಸಿಗ್ನಿ,

ಮೀನಿನ ಸುಗ್ಗಿ ಶುರುವಾಗಿದೆ, ದಿನಕ್ಕೆ ಹದಿನಾರು ಗಂಟೆ ಕೆಲಸ. ನಿನ್ನ ಕಾಗದ ಬಂದ ದಿನ ಹುಷಾರಿಲ್ಲ ಎಂದು ಸುಳ್ಳು ಹೇಳಿ ರಜೆ ಹಾಕಿದೆ. ನೀಲಿ ಪುಸ್ತಕ ತೆಗೆದು, ಅದರಲ್ಲಿ ಏನೇನು ಬರೆದಿಲ್ಲವೋ ಅದನ್ನೆಲ್ಲ ಮೀನಿನ ಡಬ್ಬಿಗೆ ಅಂಟಿಸುವ ಚೀಟಿಗಳ ಹಿಂದೆ ಬರೆದೆ.

ಬಂಕಿನ ಬೆಲೆಗೂ ಆ ಟ್ಯಾಂಕಿನ ಬೆಲೆಗೂ ಇರುವ ವ್ಯತ್ಯಾಸ, ವರ್ಷ ವರ್ಷದ್ದು. ನಿಮ್ಮ ವರಾಂಡದ ಕರೆಂಟು. ಪಂಪನ್ನು ನಾನು ಎರಡು ಸಲ ಬಿಚ್ಚಿ ಕಟ್ಟಿದ್ದು, ರ‍್ಯಾಂಚಿನ ಶೆಡ್ಡಿನಲ್ಲಿ, ರ‍್ಯಾಂಚಿನ ಸಾಮಾನಿನಲ್ಲಿ. ಭಾನುವಾರಗಳು. ಅಬ್ಬಾ ಭಾನುವಾರಗಳು! ಗಾಡಿಯ ಕೆಳಗೆ ಮಲಗಿ ಕಳೆದ ಒಂದಕ್ಕೂ ನಾನು ಕೂಲಿ ಹಾಕಿರಲಿಲ್ಲ. ಗ್ಯಾರೇಜಿನವನ ಕೂಲಿ ಹಿಡಿದು ಹಾಕಿದೆ. ಕೂಡಿಸಿ ಭಾಗಿಸಿದೆ. ಹದಿನಾಲ್ಕು ಸೆಂಟ್ ಬಂತು. ಏಳರ ಎರಡರಷ್ಟು. ನಂಬಲಾಗದೆ ಮತ್ತೊಮ್ಮೆ ಹಾಕಿದೆ, ಅಷ್ಟೇ ಬಂತು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವನು ನಾನು. ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದು ನಿನಗೆ ಹೇಳುತ್ತೇನೆ. ಬರ್ತಾಳ ಕೆಫೆಯಲ್ಲಿ ಒಬ್ಬ ತನ್ನ ಕರುಗಳ ಮಾತಾಡುತ್ತಾನೆ, ಇನ್ನೊಬ್ಬ ತನ್ನ ಎಕರೆಗಳ ಮಾತು, ಮತ್ತೊಬ್ಬ ಮೊಮ್ಮಕ್ಕಳದು. ನನಗೆ ನೆಲವಿಲ್ಲ, ಹೆಂಡತಿಯಿಲ್ಲ, ತಂಗಿಯ ಹಿತ್ತಿಲ ಕೋಣೆಯಲ್ಲಿದ್ದವನು. ಆದರೆ ಅವರೇ ತಿರುಗಿ, "ಐನರಣ್ಣ, ನಿನ್ ಗಾಡಿ ಎಷ್ಟಕ್ಕೆ ಓಡುತ್ತೆ?" ಎಂದು ಕೇಳುತ್ತಿದ್ದರು. ಏಳು ಸೆಂಟ್ ಎನ್ನುತ್ತಿದ್ದೆ. ಇಡೀ ಮೇಜು ತಲೆದೂಗುತ್ತಿತ್ತು. ನನಗೆ ಇದ್ದದ್ದು ಅದೊಂದೇ ಸಿಗ್ನಿ. ಅದನ್ನು ನೀನು ಒಂದು ವಾರ ಪೆಟ್ಟಿಗೆಗಳಿಗೆ ಗುದ್ದಿಕೊಂಡು ಹೋಗಿ ಕಿತ್ತುಕೊಂಡೆ ಎಂದು ನನಗೆ ಸಿಟ್ಟು ಬಂದಿತ್ತು.

ಡ್ವೇನ್‌ಗೆ ಇವತ್ತೇ ಬರೆದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು, ಗೊತ್ತು. ಆದರೂ ಹಾಕಿದೆ. ಏನು ಬರೆದೆ ಎಂದು ನಿನಗೂ ತಿಳಿದಿರಲಿ:

"ಡ್ವೇನ್, ನಾನು ನಿನಗೆ ಗಾಡಿಯ ಜೊತೆ ಕೊಟ್ಟ ಲೆಕ್ಕ ಪೂರ್ತಿಯಲ್ಲ. ಅದು ಕೆಂಪು ಡೀಸೆಲಿನದು, ನನ್ನ ತಂಗಿಯ ಮನೆಯ ಕರೆಂಟಿನದು, ಕೂಲಿಯಿಲ್ಲದ ನನ್ನ ಕೈಯದು. ಬೇಕೆಂದೇ ಹೇಳಲಿಲ್ಲ. ಸರಿಯಾದ ಅಂಕಿ ಹದಿನಾಲ್ಕು, ವಿವರ ಹಿಂದಿನ ಪುಟದಲ್ಲಿದೆ. ಸಿಗ್ನಿ ನಿನಗೆ ಹೇಳಿದ್ದು ನಿಜ. ಕೆಲಸ ಶುರುವಾಗುವ ಮೊದಲು ಅವಳ ಹತ್ತಿರ ಕೂತು ಲೆಕ್ಕ ನೋಡು. ಗಾಡಿ ಬೇಡವಾದರೆ ನೀನು ಕೊಟ್ಟಷ್ಟಕ್ಕೇ ನಾನು ವಾಪಸು ತೆಗೆದುಕೊಳ್ಳುತ್ತೇನೆ. ಇದನ್ನು ಕೆಫೆಯಲ್ಲಿ ಓದಬೇಕೆನಿಸಿದರೆ ಓದು. ಐನರ್ ಹೌಗೆನ್."

ವಿಮಾನ ನಾಳೆ ಬೆಳಗ್ಗೆ. ನಾನೇ ವಿಮಾನ ನಿಲ್ದಾಣಕ್ಕೆ ಹೋಗಿ ಕೈಯಾರೆ ಕೊಟ್ಟು ಬರುತ್ತೇನೆ.

ನಿನ್ನ ಅಣ್ಣ,
ಐನರ್


ಹಾರ್ಡ್‌ಪ್ಯಾನ್
ಜುಲೈ 1, 1997, ಬೆಳಗ್ಗೆ

ಅಣ್ಣ,

ಮೂರು ವಾರದಿಂದ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಪೂರ್ತಿ ತಿಳಿದ ಮೇಲೆ ಬರೆಯೋಣ ಎಂದು.

ಜೂನ್ ಹದಿನಾಲ್ಕನೆಯ ತಾರೀಕು ನಾನು ಹುಲ್ಲು ಕೊಯ್ಯುವವರಿಗೆ ರೊಟ್ಟಿ ಲಟ್ಟಿಸುತ್ತಿದ್ದಾಗ ಡ್ವೇನ್ ಬಂದ. ಬಾಗಿಲಲ್ಲೇ ನಿಂತ. ಕೈಯಲ್ಲಿ ನಿನ್ನ ಕಾಗದ, ಮುಖ ಕೆಂಡ.

"ಸಿಗ್ನಕ್ಕಾ, ನಿಮ್ಮಣ್ಣನ್ನ ಹಿಡ್ಕೊಂಡು ನಾಲ್ಕು ಬಾರಿಸ್ಬೇಕು ಅನ್ಸುತ್ತೆ. ಏನ್ ಮಾಡ್ಲಿ, ಅಲಾಸ್ಕ ದೂರ."

"ಹೋಗೋದಾದ್ರೆ ಹೇಳು, ನನ್ನದೂ ಎರಡು ಸೇರಿಸಿ ಕೊಡ್ತೀನಿ. ಮೊದಲು ಕೂತ್ಕೋ."

ಕೂತ. ಪೈ ಕೊಟ್ಟೆ, ಮುಟ್ಟಲಿಲ್ಲ. ನನ್ನ ಎರಡು ವಾರದ ಚೀಟಿ, ನಿನ್ನ ಚೀಟಿ, ಅವನ ಟೆಂಡರಿನ ಪ್ರತಿ, ಮೂರನ್ನೂ ಹಿಟ್ಟಿನ ಮೇಜಿನ ಮೇಲೇ ಇಟ್ಟು ನೋಡಿದೆವು. ಅವನೇ ಪೆನ್ಸಿಲು ಹಿಡಿದು ಹಾಕಿದ. ಎರಡು ಸಾವಿರದ ನಾನೂರೇ ಬಂತು. ಪೆನ್ಸಿಲು ಕೆಳಗಿಟ್ಟು, "ಅವತ್ತು ನೀವು ಹೇಳ್ದಾಗ ನಾನು ಆಡಿದ ಮಾತು..." ಎಂದ. ಅದು ಬಿಡು, ಪೈ ತಿನ್ನು ಎಂದೆ. ತಿಂದ. ಎರಡು ತುಂಡು.

ಮಾರನೆಯ ದಿನವೇ ಅವನು ಟಪಾಲು ಕಚೇರಿಯವರ ಹತ್ತಿರ ಹೋಗಿ, ಈ ದರಕ್ಕೆ ನನ್ನಿಂದ ಆಗುವುದಿಲ್ಲ ಎಂದು ಬರೆದು ಕೊಟ್ಟ. ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಒಪ್ಪಿಕೊಂಡರು. ಗಾಡಿ ಮಾತ್ರ ನಿನಗೆ ವಾಪಸು ಕೊಡುವುದಿಲ್ಲವಂತೆ. ಹುಲ್ಲಿನ ಟ್ರೇಲರ್ ಎಳೆಯುವುದಕ್ಕೆ ಅದರಂಥದ್ದು ಇಲ್ಲ ಎನ್ನುತ್ತಾನೆ. ಆರು ಕಡೆ ಸಾಗಣೆ ಒಪ್ಪಿಕೊಂಡಿದ್ದಾನೆ, ಹದಿನಾಲ್ಕು ಸೆಂಟ್ ಹಿಡಿದೇ ಬಾಡಿಗೆ ಹೇಳುತ್ತಾನೆ. ನಿನ್ನ ಕಾಗದವನ್ನು ಅವನು ಕೆಫೆಯಲ್ಲಿ ಓದಲಿಲ್ಲ. ನಾನು ಓದಿದೆ. ಯಾಕೆಂದರೆ ಇನ್ನೂ ಇಬ್ಬರು ನಿನ್ನ ಏಳು ಸೆಂಟ್ ನಂಬಿ ಡೀಸೆಲ್ ಗಾಡಿ ನೋಡುತ್ತಿದ್ದರು. ನಿನ್ನ ಮರ್ಯಾದೆ ಹೋಯಿತೇ ಎಂದು ಕೇಳುತ್ತೀಯ. ಸ್ವಲ್ಪ ಹೋಯಿತು. ಎಲ್ಲರೂ ನಕ್ಕು ಮುಗಿದ ಮೇಲೆ ಬರ್ತಾ, "ಮೂವತ್ತು ವರ್ಷದಲ್ಲಿ ಈ ಮೇಜಿನ ಮೇಲೆ ಯಾರಾದ್ರೂ ನಿಜವಾದ ಲೆಕ್ಕ ಇಟ್ಟಿದ್ದು ಇದೇ ಮೊದ್ಲು" ಎಂದಳು. ಆಮೇಲೆ ಒಬ್ಬರೂ ತಮ್ಮ ಗಾಡಿಯ ಮೈಲೇಜು ಹೇಳಲಿಲ್ಲ.

ಜೂನ್ ಇಪ್ಪತ್ತೊಂದಕ್ಕೆ ನನಗೆ ಕಾಗದ ಬಂತು. ಪಟ್ಟಿಯಲ್ಲಿ ಎರಡನೆಯವಳು ನಾನೇ ಆದ್ದರಿಂದ ಕೆಲಸ ನನ್ನದು, ನಾನು ಬರೆದ ಅಂಕಿಗೇ, ನಾಲ್ಕು ವರ್ಷಕ್ಕೆ. ಓದಿ ವರಾಂಡದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಇಂಗಾಗೆ ನಾನೇ ಫೋನು ಮಾಡಿದೆ.

ಪೆಟ್ರೋಲ್ ಪಿಕಪ್ಪು ಕೊಂಡೆ. ಹಸಿರು ಬಣ್ಣ, ಮುಂದಿನ ಸೀಟು ಉದ್ದಕ್ಕೂ ಒಂದೇ, ನಡುವೆ ಕೂತು ಎಡಗಾಲು ಚಾಚಬಹುದು. ನಿನಗೆ ಹೇಳಬೇಡ ಎಂದಿದ್ದೆ, ಹೇಳಿದ್ದೇನೆ.

ನನಗೆ ಜ್ವರ ಬಂದ ದಿನ ಓಡಿಸುವುದಕ್ಕೆ ಇನ್ನೊಬ್ಬರ ಹೆಸರು ಕೊಡಬೇಕಂತೆ. ನಿನ್ನ ಹೆಸರು ಬರೆದಿದ್ದೇನೆ. ಮೀನಿನ ಸುಗ್ಗಿ ಮುಗಿದ ಮೇಲೆ ಬಾ. ಹಿತ್ತಿಲ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇನೆ. ನಿನ್ನ ಭಾನುವಾರಗಳಿಗೆ ಈ ಸಲ ಕೂಲಿ ಕೊಡುತ್ತೇನೆ, ಪುಸ್ತಕದಲ್ಲಿ ಬರೆದುಕೋ.

ಈಗ ಐದೂಕಾಲು. ಆರಕ್ಕೆ ಪೇಟೆಯಲ್ಲಿ ಚೀಲಗಳನ್ನು ತುಂಬಿಕೊಳ್ಳಬೇಕು. ಈ ಕಾಗದವನ್ನು ಕೈಯಲ್ಲೇ ಹಿಡಿದು ಹೋಗಬಹುದಿತ್ತು. ಆದರೆ ನಿಯಮ ನಿಯಮವೇ, ನಮ್ಮದು ನಲವತ್ತೊಂದನೆಯ ಪೆಟ್ಟಿಗೆ. ಇದನ್ನು ಅದರೊಳಗಿಟ್ಟು, ತೆಗೆದುಕೊಂಡು ಹೋಗಿ ಎಂದು ಪೆಟ್ಟಿಗೆಯ ಪಕ್ಕದ ಪುಟ್ಟ ತಗಡಿನ ಬಾವುಟ ಎತ್ತಿ ಹೊರಡುತ್ತೇನೆ. ಹತ್ತು ಗಂಟೆಗೆ ಟಪಾಲಿನವಳು ಬಂದು ಒಯ್ಯುತ್ತಾಳೆ.

ಸಿಗ್ನಿ